ಭಾವ ಬಯಲು ಮಾಡಿದ ಡಿಸ್ನಿಲ್ಯಾಂಡ್

ಡಿಸ್ನಿಲ್ಯಾಂಡಿಗೆ ಹೋಗುವವರು ಟೋಪಿ, ನೀರಿನ ಬಾಟಲಿ, ಮೊಬೈಲ್ ಚಾರ್ಜರ್ ತೆಗೆದುಕೊಂಡು ಹೋಗುತ್ತಾರೆ. ನಾವು ಭಾವನನ್ನು ಕರೆದುಕೊಂಡು ಹೋದೆವು. ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿ ಎಷ್ಟೋ ವರ್ಷವಾದರೂ ಡಿಸ್ನಿಲ್ಯಾಂಡ್ ಇರುವ ಅನಾಹೈಮ್ ಕಡೆ ತಲೆ ಹಾಕದಿದ್ದ ಅವರು, ನಾನು ಬರುತ್ತೇನೆಂದು ಗೊತ್ತಾದ ಮೇಲೆ ಆ ಪಾರ್ಕಿನ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿ ಮುಗಿಸಿದ್ದರು. ಯಾವ ರೈಡ್ ಚೆನ್ನಾಗಿದೆ ಎಂದು ಕೇಳಿದರೆ ಗೊತ್ತಿಲ್ಲ. ಯಾವ ಗೋಡೆಯ ಹಿಂದೆ ಏನಿದೆ ಎಂದು ಕೇಳಿದರೆ ಬಾಯಿಪಾಠ.

ಒಳಗೆ ಕಾಲಿಟ್ಟ ಕೂಡಲೇ ಮೇನ್ ಸ್ಟ್ರೀಟ್. ಎರಡೂ ಬದಿಯ ಹಳೆಯ ಕಾಲದ ಅಂಗಡಿಗಳನ್ನು ನೋಡಿ ಅಕ್ಕ ಬಾಯಿ ತೆರೆಯುವಷ್ಟರಲ್ಲಿ ಭಾವ, "ಮೋಸ ಹೋಗಬೇಡಿ, ಮೇಲಿನ ಮಹಡಿಗಳನ್ನು ಬೇಕೆಂದೇ ಕಿರಿದಾಗಿ ಕಟ್ಟಿದ್ದಾರೆ. ಕಟ್ಟಡ ಎತ್ತರ ಕಾಣಲಿ ಎಂದು" ಎಂದರು. ತುದಿಯಲ್ಲಿ ಕಾಣುವ ಕೋಟೆಯದೂ ಅದೇ ಕಥೆ. ಎತ್ತರ ಬರೀ 77 ಅಡಿ. ಮೇಲೆ ಹೋದಂತೆ ಕಲ್ಲುಗಳ ಗಾತ್ರ ಚಿಕ್ಕದಾಗುವುದರಿಂದ ಆಕಾಶ ಮುಟ್ಟಿದಂತೆ ಕಾಣುತ್ತದೆ. "ಹತ್ತಿರ ನಿಂತರೆ ಬಂಡವಾಳ ಬಯಲಾಗುತ್ತದೆ, ದೂರದಿಂದಲೇ ಫೋಟೋ ತೆಗೆಯಬೇಕು" ಎಂದು ಅಕ್ಕನನ್ನೂ ಅವಳ ಮಗಳು ಪುಟ್ಟಿಯನ್ನೂ ನಿಲ್ಲಿಸಿ, ಮೊಬೈಲ್ ಹಿಡಿದು ಹಿಂದಕ್ಕೆ ಹಿಂದಕ್ಕೆ ನಡೆದರು. ಆ ಬೀದಿಯಲ್ಲಿ ಕುದುರೆ ಎಳೆಯುವ ಟ್ರಾಮ್ ಓಡುತ್ತದೆ. ಇಷ್ಟೆಲ್ಲ ಓದಿದವರು ಅದನ್ನು ಓದಿರಲಿಲ್ಲವೋ, ಓದಿ ಮರೆತರೋ. ಕಾಲು ಹಳಿಯ ಮೇಲೆ, ಕಣ್ಣು ಕೋಟೆಯ ಮೇಲೆ. ಹಿಂದಿನಿಂದ ಗಂಟೆ ಬಾರಿಸಿತು. ಭಾವ ತಿರುಗಿದರೆ ಮೂಗಿಗೆ ಮೂಗು ತಾಗುವಷ್ಟು ಹತ್ತಿರದಲ್ಲಿ ಕುದುರೆ. ಕುದುರೆಯೇ ಹೆಚ್ಚು ಸಂಯಮದಿಂದ ವರ್ತಿಸಿತು ಎನ್ನಬೇಕು. ಫೋಟೋದಲ್ಲಿ ಕೋಟೆ ಮಾತ್ರ ಗಂಭೀರವಾಗಿ ನಿಂತಿದೆ. ಅಕ್ಕನ ಹಣೆ ಕೆಳಗಿನ ಅಂಚಿನಲ್ಲಿದೆ, ಪುಟ್ಟಿ ಇಲ್ಲವೇ ಇಲ್ಲ.

ಅಲ್ಲಿನ ಸಿಬ್ಬಂದಿ ದಾರಿ ತೋರಿಸುವಾಗ ಒಂದೇ ಬೆರಳು ಚಾಚುವುದಿಲ್ಲ. ಎರಡು ಬೆರಳನ್ನೋ ಇಡೀ ಅಂಗೈಯನ್ನೋ ಬಳಸುತ್ತಾರೆ. ಒಂದು ಬೆರಳು ತೋರಿಸುವುದು ಕೆಲವು ದೇಶಗಳವರಿಗೆ ಅಪಮಾನ ಎನಿಸಬಹುದೆಂಬ ಎಚ್ಚರಿಕೆ. ಇದನ್ನು ಓದಿದ್ದ ಭಾವ ಕಾರಿನಿಂದ ಇಳಿದಾಗಿನಿಂದ ಎರಡೇ ಬೆರಳಲ್ಲಿ ತೋರಿಸುತ್ತಿದ್ದರು. ಅಗ್ನಿಶಾಮಕ ಠಾಣೆಯ ಮೇಲಿನ ಕಿಟಕಿಯತ್ತ ಹಾಗೆಯೇ ಕೈಯೆತ್ತಿ, ಅದು ವಾಲ್ಟ್ ಡಿಸ್ನಿ ಉಳಿದುಕೊಳ್ಳುತ್ತಿದ್ದ ಪುಟ್ಟ ಮನೆ, ಅವರ ನೆನಪಿಗೆ ಅಲ್ಲಿ ದೀಪ ಉರಿಯುತ್ತಿರುತ್ತದೆ ಎಂದು ವಿವರಿಸುತ್ತಿದ್ದಾಗ ಸುತ್ತ ಅಪರಿಚಿತರ ಸಣ್ಣ ಗುಂಪೇ ಸೇರಿತು. ಅವರಲ್ಲೊಬ್ಬ ತಾಯಿ, ಕುಣಿಯುತ್ತಿದ್ದ ಮಗನ ಕೈ ಹಿಡಿದು, ಶೌಚಾಲಯ ಎಲ್ಲಿದೆ ಎಂದು ಇವರನ್ನೇ ಕೇಳಿದಳು. ಹುಡುಗ ಕುಣಿಯುತ್ತಿದ್ದದ್ದು ಸಂತೋಷಕ್ಕಲ್ಲ.

ಭಾವನಿಗೆ ಶೌಚಾಲಯ ಎಲ್ಲಿದೆಯೆಂದು ತಿಳಿದಿರಲಿಲ್ಲ. ಆದರೆ ಅದರ ಚರಿತ್ರೆ ತಿಳಿದಿತ್ತು. 1955ರ ಜುಲೈ 17ರಂದು ಪಾರ್ಕ್ ತೆರೆಯುವ ಹೊತ್ತಿಗೆ ಕೊಳಾಯಿ ಕೆಲಸದವರ ಮುಷ್ಕರ ನಡೆದಿತ್ತು. ಕುಡಿಯುವ ನೀರಿನ ನಲ್ಲಿ, ಶೌಚಾಲಯ ಎರಡನ್ನೂ ಮುಗಿಸಲು ಸಮಯವಿರಲಿಲ್ಲ. ವಾಲ್ಟ್ ಶೌಚಾಲಯವನ್ನೇ ಆರಿಸಿಕೊಂಡರು. ಬಿಸಿಲಿಗೆ ಹೊಸ ಡಾಂಬರು ಮೆತ್ತಗಾಗಿ ಹೆಂಗಸರ ಚಪ್ಪಲಿಯ ಹಿಮ್ಮಡಿ ಹೂತುಹೋಯಿತು. ನಕಲಿ ಟಿಕೆಟ್ ಹಿಡಿದು ಸಾವಿರಾರು ಜನ ನುಗ್ಗಿದರು. ಡಾಂಬರಿನ ತನಕ ಆ ತಾಯಿ ಮರ್ಯಾದೆಗೆ ನಿಂತಳು. ನಕಲಿ ಟಿಕೆಟ್ ಬರುವಷ್ಟರಲ್ಲಿ ಹುಡುಗ ಅವಳನ್ನು ಎಳೆದುಕೊಂಡು ಓಡಿದ್ದ.

ನನಗನ್ನಿಸುವುದಿಷ್ಟು: ಕಣ್ಣಿಗೆ ಬೀಳಬಾರದ್ದನ್ನು ಮರೆಮಾಡಲು ಅಲ್ಲಿ ನೀರಿನಂತೆ ಹಣ ಸುರಿದಿದ್ದಾರೆ, ನಮ್ಮ ಭಾವ ಅದನ್ನೆಲ್ಲ ಹೊರಗೆಳೆಯಲು ಟಿಕೆಟ್ ಕೊಂಡಿದ್ದರು. ನೋಟ ಜಾರಿಹೋಗಲಿ ಎಂದೇ ಬೇಲಿ, ಗೋಡೆ, ಸಿಬ್ಬಂದಿಯ ಬಾಗಿಲುಗಳಿಗೆ ಒಂದು ಮಂಕು ಹಸಿರು ಬಣ್ಣ ಬಳಿದಿರುತ್ತಾರೆ. ಇವರು ಕೋಟೆ ಬಿಟ್ಟು ಆ ಹಸಿರನ್ನೇ ಹುಡುಕಿದರು. ಕಸದ ಡಬ್ಬಿಗಳು ಸುಮಾರು 30 ಅಡಿಗೊಂದರಂತೆ ಇವೆ ಎನ್ನುವುದನ್ನು ಹೆಜ್ಜೆ ಹಾಕಿ ಅಳೆಯಹೋಗಿ ಯಾರದೋ ಪಾಪ್‌ಕಾರ್ನ್ ಚೆಲ್ಲಿದರು. ಹೊಸದನ್ನು ಕೊಡಿಸಿದ್ದು ಅಕ್ಕ.

ಮ್ಯಾಟರ್‌ಹಾರ್ನ್ ಬೆಟ್ಟದ ಸರತಿಯಲ್ಲಿ ನನ್ನ ಕಾಲು ಸೋತಾಗ ಭಾವ ಸಮಾಧಾನ ಹೇಳಿದರು: "1959ರಲ್ಲಿ ಸೋವಿಯತ್ ನಾಯಕ ಕ್ರುಶ್ಚೇವ್ ಇಲ್ಲಿಗೆ ಬರುತ್ತೇನೆಂದರೆ ಭದ್ರತೆಯ ಕಾರಣ ಹೇಳಿ ಬೇಡವೆಂದರು. ನಿನ್ನನ್ನು ಬಿಟ್ಟಿದ್ದಾರಲ್ಲ!" ಅದೇ ವರ್ಷ ತೆರೆದ ಈ ಬೆಟ್ಟ 147 ಅಡಿ ಎತ್ತರ, ಸ್ವಿಟ್ಜರ್ಲೆಂಡಿನ ಅಸಲಿ ಶಿಖರದ ಸುಮಾರು ನೂರನೇ ಒಂದು ಪಾಲು. ಟೊಳ್ಳು ಉಕ್ಕಿನ ಕೊಳವೆಗಳ ಹಳಿಯ ಮೇಲೆ ಓಡಿದ ಮೊದಲ ರೋಲರ್ ಕೋಸ್ಟರ್ ಇದೇ. ಬೆಟ್ಟದ ಒಳಗೆ ಮೇಲ್ಭಾಗದಲ್ಲಿ ಸಿಬ್ಬಂದಿಗಾಗಿ ಬ್ಯಾಸ್ಕೆಟ್‌ಬಾಲ್ ಬುಟ್ಟಿಯೊಂದಿದೆ. ಅದು ಬಂಡಿಯಿಂದ ಕಾಣುವುದಿಲ್ಲ ಎಂದು ಹೇಳಿದರೂ ಕೇಳದೆ ಭಾವ ಕತ್ತು ಮೇಲೆತ್ತಿಯೇ ಕುಳಿತರು. ಹಿಮಮಾನವ ಎದುರಿಗೆ ಬಂದು ಗರ್ಜಿಸಿದಾಗಲೂ ಅವನತ್ತ ನೋಡಲಿಲ್ಲ. ಬುಟ್ಟಿ ಸಿಗಲಿಲ್ಲ, ಟೋಪಿ ಹೋಯಿತು.

ಭೂತ ಬಂಗಲೆಯಲ್ಲಿ ಪುಟ್ಟಿಯ ಸಹನೆ ಮುಗಿಯಿತು. ಕತ್ತಲೆಯ ಕೋಣೆಯ ಗೋಡೆಗಳು ಉದ್ದವಾಗುತ್ತಾ ಹೋದವು. ಗೋಡೆಯ ಚಿತ್ರಗಳೂ ಹಿಗ್ಗಿ, ಮೇಲೆ ಮುಗುಳ್ನಗುತ್ತಿದ್ದವರ ಕಾಲಬುಡದಲ್ಲಿ ಏನಿದೆಯೆಂದು ಒಂದೊಂದಾಗಿ ತೋರಿಸತೊಡಗಿದವು. ಎಲ್ಲರೂ ಉಸಿರು ಬಿಗಿಹಿಡಿದಿದ್ದಾಗ, "ಇದು ಲಿಫ್ಟ್! ಚಾವಣಿ ಮೇಲೆ ಹೋಗುತ್ತಿಲ್ಲ, ನಾವೇ ಕೆಳಗಿಳಿಯುತ್ತಿದ್ದೇವೆ. ಅಸಲಿ ರೈಡ್ ರೈಲು ಹಳಿಯ ಆಚೆಗಿದೆ, ಅದರ ಅಡಿಯಿಂದ ದಾಟಬೇಕಲ್ಲ!" ಎಂಬ ಕನ್ನಡ ಮೊಳಗಿತು. ಅರ್ಥವಾಗದ ಆ ಭಾಷೆಯನ್ನು ಬೇರೆಯವರು ಭೂತದ್ದೆಂದೇ ತಿಳಿದು ಹೆದರಿರಬೇಕು. ಅರ್ಥವಾದ ಪುಟ್ಟಿ ಮಾತ್ರ ಅಳುದನಿಯಲ್ಲಿ ಕೂಗಿದಳು: "ಅಪ್ಪಾ, ನನ್ನನ್ನು ಸ್ವಲ್ಪ ಹೆದರಿಕೊಳ್ಳುವುದಕ್ಕೆ ಬಿಡು!"

ಹೊರಬಂದು ನ್ಯೂ ಆರ್ಲಿಯನ್ಸ್ ಸ್ಕ್ವೇರ್ ನಿಲ್ದಾಣದಲ್ಲಿ ರೈಲಿಗೆ ಕಾದೆವು. ಅಲ್ಲಿ ತಂತಿ ಯಂತ್ರವೊಂದು ಟಕಟಕ ಎನ್ನುತ್ತಲೇ ಇರುತ್ತದೆ. ಅದು ಸುಮ್ಮನೆ ಸದ್ದಲ್ಲ. ಉದ್ಘಾಟನೆಯ ದಿನ ವಾಲ್ಟ್ ಆಡಿದ ಮಾತುಗಳು ಹಳೆಯ ತಂತಿ ಸಂಕೇತದಲ್ಲಿ ಬರುತ್ತಿರುತ್ತವೆ. ನನಗೆ ಆ ದಿನ ನಿಜಕ್ಕೂ ಹಿಡಿಸಿದ ಗುಟ್ಟು ಇದೊಂದೇ. ಕೇಳುವವರಿಲ್ಲ, ಕೇಳಿದರೂ ತಿಳಿಯುವವರಿಲ್ಲ, ಆದರೂ ಭಾಷಣ ನಿಂತಿಲ್ಲ. ಭಾವ ತಲೆ ವಾಲಿಸಿ ಕೇಳುತ್ತಾ ನಿಂತರು, ಜೊತೆಗೆ ನಾನೂ ನಿಂತೆ. ರೈಲು ಬಂದದ್ದು ಕಂಡಿತು, ಹೋದದ್ದು ಕಾಣಲಿಲ್ಲ. ಅಕ್ಕ, ಪುಟ್ಟಿ ಪಾರ್ಕ್ ಸುತ್ತಿಕೊಂಡು ಅದೇ ನಿಲ್ದಾಣಕ್ಕೆ ಬರುವ ತನಕ ನಮಗೆ ಅದೇ ಟಕಟಕ.

ಬಂದಿಳಿದ ಅಕ್ಕನ ಮುಖ ನೋಡಿ ಬೇರೆ ಯಾರಾದರೂ ಸುಮ್ಮನಾಗುತ್ತಿದ್ದರು. ಭಾವ ಫ್ಲೋರಿಡಾದಲ್ಲಿರುವ ಡಿಸ್ನಿಯ ಇನ್ನೊಂದು ಪಾರ್ಕ್ ಮ್ಯಾಜಿಕ್ ಕಿಂಗ್‌ಡಮ್ ಬಗ್ಗೆ ಶುರು ಮಾಡಿದರು. ಇಲ್ಲಿ ಕೌಬಾಯ್ ವೇಷದವನೊಬ್ಬ ಭವಿಷ್ಯದ ಜಗತ್ತನ್ನು ತೋರಿಸುವ ವಿಭಾಗದ ನಡುವೆ ನಡೆದುಹೋಗುವುದನ್ನು ವಾಲ್ಟ್ ಕಂಡು ಮುಜುಗರಪಟ್ಟಿದ್ದರಂತೆ. ಅದಕ್ಕೇ 1971ರಲ್ಲಿ ತೆರೆದ ಅಲ್ಲಿನ ಪಾರ್ಕಿನ ಅಡಿಯಲ್ಲಿ ಸಿಬ್ಬಂದಿಯ ಓಡಾಟಕ್ಕೆ ಸುರಂಗಗಳಿವೆ. ಜನ ಓಡಾಡುವುದು ನಿಜವಾಗಿ ಮೇಲಿನ ಮಹಡಿಯಲ್ಲಿ. ಕಸವನ್ನೂ ಕೊಳವೆಯ ಮೂಲಕ ಗಾಳಿಯೇ ಎಳೆದುಕೊಂಡು ಹೋಗುತ್ತದೆ. "ಮುಂದಿನ ರಜೆಗೆ ಹೋಗೋಣವೇ?" ಎಂದು ಕೇಳಿದರು.

"ಖಂಡಿತ ಹೋಗೋಣ ರೀ" ಎಂದಳು ಅಕ್ಕ, "ನೀವು ಕೆಳಗಿರಿ, ನಾವು ಮೇಲಿರುತ್ತೇವೆ."