ಮೌಸ್ ಮುಟ್ಟಲಿಲ್ಲ ಅಂದ್ರೆ ಕೆಲಸ ಇಲ್ಲ ಅಂತಲಾ?

ಇವತ್ತು ಸಾಕಾಗಿ ಹೋಯಿತು. ಬೆಳಗ್ಗೆಯಿಂದ ಸರ್ವರ್‌ಗೆ ಕಾಪಿ ಆಗುತ್ತಿದ್ದ ಬ್ಯಾಕಪ್ ಇನ್ನೇನು ಮುಗಿಯುವುದರಲ್ಲಿತ್ತು, ಊಟ ಮಾಡಿ ಬರುವಷ್ಟರಲ್ಲಿ ಆಫೀಸ್ ಲ್ಯಾಪ್‌ಟಾಪ್ ಸ್ಲೀಪ್‌ಗೆ ಹೋಗಿದೆ, ಆಫೀಸ್ ನೆಟ್‌ವರ್ಕ್‌ಗೆ ಜೋಡಿಸುವ ವಿಪಿಎನ್ ಕಟ್ ಆಗಿದೆ, ಮತ್ತೆ ಮೊದಲಿನಿಂದ ಶುರು ಮಾಡಬೇಕು. ಕೀಬೋರ್ಡ್, ಮೌಸ್ ಮುಟ್ಟದಿದ್ದರೆ ಕೆಲಸವೇ ನಡೆಯುತ್ತಿಲ್ಲ ಅಂತ ತೀರ್ಮಾನ ಮಾಡೋದು ಯಾವ ನ್ಯಾಯ? ಫ್ಯಾನ್ ಅಷ್ಟು ಜೋರಾಗಿ ತಿರುಗುತ್ತಿರುತ್ತದೆ, ಅದು ಲೆಕ್ಕಕ್ಕಿಲ್ವಾ?

ಸುಮ್ನೆ ಕೂತು ಓದಿದರೂ ಅಷ್ಟೇ. ಲಿನಕ್ಸ್‌ನ ಗ್ನೋಮ್ ಅನ್ನೋ ಡೆಸ್ಕ್‌ಟಾಪ್‌ನಲ್ಲಿ ಸೆಟ್ಟಿಂಗ್ ಬದಲಿಸದಿದ್ದರೆ 5 ನಿಮಿಷಕ್ಕೇ ಪರದೆ ಕಪ್ಪು. ಪರದೆಯ ಪಟ್ಟಿಯನ್ನು ಕಾಗದದ ಬಿಲ್ ಜೊತೆ ತಾಳೆ ನೋಡುತ್ತಿರುತ್ತೇವೆ, ಬೆರಳು ಬಿಲ್ಲಿನ 17ನೇ ಸಾಲಿನ ಮೇಲಿರುತ್ತದೆ, ತಲೆ ಎತ್ತಿದರೆ ಪಾಸ್‌ವರ್ಡ್ ಕೊಡು ಅಂತ ನಿಂತಿರುತ್ತದೆ. ಆ ಪಾಸ್‌ವರ್ಡೋ ಮಾರುದ್ದ! ಹೇಗೋ ಒಳಗೆ ಬಂದರೆ ಚಾಟ್‌ನಲ್ಲಿ ನನ್ನ ಹೆಸರಿನ ಪಕ್ಕ ಜಾಗದಲ್ಲಿಲ್ಲ ಅನ್ನುವ ಹಳದಿ ಚುಕ್ಕಿ, ಕೆಳಗೆ ಮ್ಯಾನೇಜರ್ ಮೆಸೇಜ್: "ಎಲ್ಲಿದ್ದೀರಿ?" ಎಲ್ಲಿಗೆ ಹೋಗಲಿ ಸಾರ್, ಇಲ್ಲೇ ಕೂತು ನೀವು ಕೊಟ್ಟ ಕೆಲಸವನ್ನೇ ಮಾಡುತ್ತಿದ್ದೇನೆ!

ಇನ್ನು ನಾವಾಗಿಯೇ ಕೇಳಿಕೊಂಡಾಗ? ಯಾರೂ ಮುಟ್ಟದಿದ್ದಾಗ ಈ ಕೆಲಸ ಮಾಡು ಅಂತ ವಿಂಡೋಸ್‌ನ ಕೆಲಸಗಳನ್ನು ತಾನೇ ಶುರು ಮಾಡುವ ಟಾಸ್ಕ್ ಶೆಡ್ಯೂಲರ್‌ಗೆ ಹೇಳಿಟ್ಟರೆ, ಮಧ್ಯದಲ್ಲಿ ಯಾರಾದರೂ ಬಂದು ಮೌಸ್ ಅಲ್ಲಾಡಿಸಿದರೆ ಸಾಕು, ಕೆಲಸವನ್ನು ಅರ್ಧಕ್ಕೇ ಬಿಟ್ಟುಬಿಡುತ್ತದೆ.