ಅದೇ ಪೋಲೋ, ಎರಡು ಗ್ಯಾರೇಜು

ಕೊಯಮತ್ತೂರಿನಿಂದ ನನ್ನ ಬಾಮೈದ ಫೋನ್ ಮಾಡಿದಾಗ ಇಲ್ಲಿ ಜರ್ಮನಿಯಲ್ಲಿ ಬೆಳಿಗ್ಗೆ ಎಂಟು ಗಂಟೆ. ಹಲೋ ಕೂಡ ಇಲ್ಲ. "ಭಾವ, ಬ್ರೇಕ್ ಪೆಡಲ್ ನೆಲಕ್ಕೆ ಹೋಗ್ಬಿಡ್ತು!"

ಕರಿ ಮೋಟರ್ ಸ್ಪೀಡ್‌ವೇಯಲ್ಲಿ ಅವನ ಮೊದಲ ಟ್ರ್ಯಾಕ್ ಡೇ ಅದು, ಅಂದರೆ ಸ್ವಂತ ಕಾರನ್ನು ರೇಸ್ ಟ್ರ್ಯಾಕಿನಲ್ಲಿ ಓಡಿಸುವ ದಿನ. ಬೆಂಗಳೂರಿನವರಿಗೆ ಟ್ರ್ಯಾಕ್ ಬೇಕೆಂದರೆ ಒಂದೋ ಕೊಯಮತ್ತೂರು, ಇಲ್ಲ ಚೆನ್ನೈ ಪಕ್ಕದ ಇರುಂಗಾಟ್ಟುಕೋಟೈ. ಹಾಗಾಗಿ ಹಿಂದಿನ ದಿನವೇ ಅಷ್ಟು ದೂರ ಅದೇ ಕಾರು ಓಡಿಸಿಕೊಂಡು ಹೋಗಿದ್ದ. ನಾಲ್ಕನೇ ಸುತ್ತಿನಲ್ಲಿ ಪೆಡಲ್ ಮೆತ್ತಗಾಗಿದೆ, ಐದನೆಯದರಲ್ಲಿ ಕಾಲಿಗೆ ಏನೂ ಸಿಕ್ಕಿಲ್ಲ. ಗೇರ್ ಇಳಿಸಿ, ಹುಲ್ಲಿನ ಮೇಲೆ ಹೋಗಿ ಹೇಗೋ ನಿಂತಿದ್ದಾನೆ. ಕಾರಿಗೂ ಏನೂ ಆಗಿಲ್ಲ, ಅವನಿಗೂ ಏನೂ ಆಗಿಲ್ಲ.

ನಮ್ಮಿಬ್ಬರ ಹತ್ತಿರ ಇರುವುದು ಹೆಚ್ಚುಕಡಿಮೆ ಒಂದೇ ಕಾರು. ಹಳೇ ಪೋಲೋ, 1.2 ಟಿಎಸ್‌ಐ ಎಂಜಿನ್, 105 ಪಿಎಸ್. ಅವನದು ಏಳು ಗೇರಿನ ಡಿಎಸ್‌ಜಿ ಅನ್ನುವ ಆಟೋಮ್ಯಾಟಿಕ್, ನನ್ನದು ಆರು ಗೇರಿನ ಮ್ಯಾನ್ಯುಯಲ್. ಅವನು ಒಂದು ವರ್ಷದಲ್ಲಿ ಆ ಕಾರಿಗೆ ಏನೇನು ಮಾಡಿಸಿದ್ದ ಅಂತ ನನಗೆ ಬಾಯಿಪಾಠ, ಪ್ರತಿಸಲ ಫೋಟೋ ಕಳಿಸುತ್ತಿದ್ದ. ಎಂಜಿನ್ನಿನ ಕಂಪ್ಯೂಟರ್ ತಿದ್ದಿ ಶಕ್ತಿ ಏರಿಸುವ ರೀಮ್ಯಾಪ್ ಆಯಿತು. ಎಕ್ಸಾಸ್ಟ್ ಆಯಿತು. ಕಾರು ಕೆಳಗಿಳಿಸುವ ಸ್ಪ್ರಿಂಗ್, ದೊಡ್ಡ ಅಲಾಯ್. ಕೊನೆಗೆ ಬ್ರೇಕ್ ಕ್ಯಾಲಿಪರಿಗೆ, ಅಂದರೆ ಚಕ್ರದ ಡಿಸ್ಕನ್ನು ಹಿಡಿಯುವ ಇಕ್ಕಳಕ್ಕೆ, ಕೆಂಪು ಬಣ್ಣ. ಹೌದು, ಬರೀ ಬಣ್ಣ.

"ಬ್ರೇಕ್ ಆಯಿಲ್ ಯಾವಾಗ ಬದಲಾಯಿಸಿದ್ದು ಕಣೋ?" ಅಂತ ಕೇಳಿದೆ.

"ಸರ್ವಿಸಲ್ಲಿ ಮಾಡಿರ್ತಾರೆ ಭಾವ."

ಈ "ಮಾಡಿರ್ತಾರೆ" ಇದೆಯಲ್ಲ, ಅದರ ಬಗ್ಗೆಯೇ ನಾನು ಬರೆಯಬೇಕು ಅಂದುಕೊಂಡದ್ದು. ಊರಿನಲ್ಲಿ ಇದ್ದಷ್ಟು ದಿನ ನಾನೂ ಅದೇ ಮಾತು ಆಡುತ್ತಿದ್ದೆ.

ಮೊದಲು ಆ ಪೆಡಲ್ ಯಾಕೆ ಹೋಯಿತು ಅಂತ ಹೇಳಿಬಿಡುತ್ತೇನೆ. ಡ್ರೈವರನ್ನೂ ಸೇರಿಸಿ 1,200 ಕೆಜಿ ತೂಕದ ಕಾರನ್ನು 160 ಕಿ.ಮೀ. ವೇಗದಿಂದ 60ಕ್ಕೆ ಇಳಿಸಿದರೆ ಹುಟ್ಟುವ ಬಿಸಿ ಎಷ್ಟು ಗೊತ್ತಾ? ಮೂರು ಲೀಟರ್ ತಣ್ಣೀರನ್ನು ಕುದಿ ಬರಿಸುವಷ್ಟು. ಒಂದೇ ಒಂದು ಸಲ ಬ್ರೇಕ್ ಒತ್ತಿದ್ದಕ್ಕೆ, ಅದೂ ಕೆಲವೇ ಸೆಕೆಂಡಿನಲ್ಲಿ. ರಸ್ತೆಯಲ್ಲಿ ಇಂಥದ್ದು ಯಾವಾಗಲೋ ಒಮ್ಮೆ ಆಗುತ್ತದೆ, ಟ್ರ್ಯಾಕಿನಲ್ಲಿ ಪ್ರತಿ ಸುತ್ತಿನಲ್ಲೂ ಆಗುತ್ತದೆ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಾಗಿದ್ದರೆ ಕಡಿಮೆ ಎಂದರೂ 230 ಡಿಗ್ರಿವರೆಗೆ ಕುದಿಯಬಾರದು ಅನ್ನುವುದು ನಿಯಮ. ಆದರೆ ಅದು ಗಾಳಿಯ ತೇವವನ್ನು ಹೀರುತ್ತಾ ಕೂತಿರುತ್ತದೆ. ಸ್ವಲ್ಪ ನೀರು ಸೇರಿದ ಆಯಿಲಿಗೆ ಅದೇ ನಿಯಮ ಕೇಳುವುದು 155 ಡಿಗ್ರಿ ಮಾತ್ರ. ಕುದಿದರೆ ಪೈಪಿನೊಳಗೆ ಆವಿಯ ಗುಳ್ಳೆ ಏಳುತ್ತದೆ. ದ್ರವವನ್ನು ಒತ್ತಿ ಕುಗ್ಗಿಸುವುದಕ್ಕೆ ಆಗುವುದಿಲ್ಲ, ಗುಳ್ಳೆಯನ್ನು ಆಗುತ್ತದೆ. ಅವನ ಕಾಲು ಒತ್ತುತ್ತಿದ್ದದ್ದು ಬರೀ ಗುಳ್ಳೆಯನ್ನು. ಚಾರ್ಮಾಡಿ ಇಳಿಯುವಾಗ ಲಾರಿಯವರು ಕೆಳಗಿನ ಗೇರಿನಲ್ಲೇ ತೆವಳುತ್ತಾ ಬರುತ್ತಾರಲ್ಲ, ಅವರಿಗೆ ಈ ಲೆಕ್ಕ ಯಾರೂ ಹೇಳಿಕೊಡಬೇಕಾಗಿಲ್ಲ.

ಪೆಡಲ್ ಗಟ್ಟಿಯಾಗೇ ಇದ್ದು ಕಾರು ನಿಲ್ಲದಿದ್ದರೆ ಅದು ಬೇರೆ ಕಾಯಿಲೆ. ಅಲ್ಲಿ ಸೋತಿರುವುದು ಪ್ಯಾಡ್, ಅಂದರೆ ಡಿಸ್ಕಿಗೆ ಉಜ್ಜಿ ಚಕ್ರ ನಿಲ್ಲಿಸುವ ಪಟ್ಟಿ. ಎರಡಕ್ಕೂ ಮದ್ದು ಬೇರೆ ಬೇರೆ, ಆದರೆ ಎರಡನ್ನೂ "ಬ್ರೇಕ್ ಫೇಲ್" ಅಂತ ಒಂದೇ ಹೆಸರಿನಲ್ಲಿ ಕರೆದು ದೊಡ್ಡ ಡಿಸ್ಕ್ ಹಾಕಿಸಲು ಹೊರಡುತ್ತೇವೆ. ಕರಿ ಚಿಕ್ಕ ಟ್ರ್ಯಾಕ್, ಸುಮಾರು 2.1 ಕಿ.ಮೀ. ಒಂದು ತಿರುವು ಮುಗಿಯುವಷ್ಟರಲ್ಲಿ ಇನ್ನೊಂದು, ಬ್ರೇಕಿಗೆ ಉಸಿರಾಡಲು ಪುರುಸೊತ್ತಿಲ್ಲ. ರೀಮ್ಯಾಪ್ ಮಾಡಿಸಿದ್ದರಿಂದ ಅವನು ಪ್ರತಿ ತಿರುವಿಗೂ ಇನ್ನಷ್ಟು ಜೋರಾಗಿ ಬರುತ್ತಿದ್ದ, ಅಷ್ಟೇ. ವೇಗ ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟು.

ಇದನ್ನೆಲ್ಲ ನಾನು ಹುಟ್ಟಾ ಬುದ್ಧಿವಂತ ಅಂತ ಕಲಿತದ್ದಲ್ಲ. ಜರ್ಮನಿಯಲ್ಲಿ ಕೂಲಿ ದುಬಾರಿ, ಅದಕ್ಕೇ ಕಲಿತೆ. ಇಲ್ಲಿ ಗ್ಯಾರೇಜಿನಲ್ಲಿ ಒಂದು ಗಂಟೆಯ ಕೆಲಸಕ್ಕೆ ಸುಲಭವಾಗಿ 100 ಯೂರೋ ದಾಟುತ್ತದೆ. ಟ್ರ್ಯಾಕ್ ಹುಚ್ಚು ಹಿಡಿದ ಮೇಲೆ ಪ್ರತಿ ತಿಂಗಳೂ ಅಷ್ಟು ಕೊಡುವವರು ಯಾರು? ಅದಕ್ಕೆ ಇಲ್ಲಿ ಬಾಡಿಗೆ ಗ್ಯಾರೇಜುಗಳಿವೆ, ಮೀಟ್‌ವೆರ್ಕ್‌ಸ್ಟಾಟ್ ಅಂತ ಕರೆಯುತ್ತಾರೆ. ಗಂಟೆ ಲೆಕ್ಕದಲ್ಲಿ ಲಿಫ್ಟ್ ಕೊಡುತ್ತಾರೆ, ಸ್ಪ್ಯಾನರ್ ಕೊಡುತ್ತಾರೆ, ಕೆಲಸ ನಮ್ಮದೇ. ಮೊದಲ ಸಲ ಬ್ರೇಕ್ ಆಯಿಲ್ ಬದಲಾಯಿಸಲು ನನಗೆ ಮೂರು ಗಂಟೆ ಹಿಡಿಯಿತು. ಹೆಂಡತಿ ಸೀಟಿನಲ್ಲಿ ಕೂತು ಪೆಡಲ್ ಒತ್ತುವುದು, ಬಿಡುವುದು. ನಾನು ಕೆಳಗಿನಿಂದ "ಒತ್ತು, ಹಿಡ್ಕೋ, ಬಿಡು" ಅಂತ ಕೂಗುವುದು. ಪಕ್ಕದ ಲಿಫ್ಟಿನಲ್ಲಿದ್ದ ಎಪ್ಪತ್ತು ದಾಟಿದ ಅಜ್ಜ ಒಬ್ಬರು ತಮ್ಮ ಕಾರಿನ ಕೆಲಸ ಬಿಟ್ಟು ಬಂದು, ನಾನು ಹಳೇ ಆಯಿಲ್ ಹೊರಬಿಡುವ ಬ್ಲೀಡ್ ಸ್ಕ್ರೂ ಬಿಗಿ ಮಾಡುವ ಮೊದಲೇ ಪೆಡಲ್ ಬಿಡಿಸುತ್ತಿದ್ದೇನೆ, ಹಾಗೆ ಮಾಡಿದರೆ ಗಾಳಿ ವಾಪಸ್ ಒಳಗೆ ಹೋಗುತ್ತದೆ ಅಂತ ತಿದ್ದಿ ಹೋದರು.

ಎರಡನೇ ವರ್ಷ ಪ್ಯಾಡ್ ಬದಲಾಯಿಸುವಾಗ ನೋಡಿದರೆ ಬಲಗಡೆ ಚಕ್ರದಲ್ಲಿ ಒಳಗಿನ ಪ್ಯಾಡ್ ಹೊರಗಿನದಕ್ಕಿಂತ ದುಪ್ಪಟ್ಟು ಸವೆದಿತ್ತು. ಕ್ಯಾಲಿಪರ್ ಜಾರುವ ಪಿನ್ ಒಣಗಿ ಹಿಡಿದುಕೊಂಡಿದೆ. ತೆಗೆದು ಒರೆಸಿ ಗ್ರೀಸ್ ಹಚ್ಚಿದೆ, ಸರಿಹೋಯಿತು. ಬೇರೆಯವರ ಕೈಗೆ ಕೊಟ್ಟಿದ್ದರೆ ಹೊಸ ಪ್ಯಾಡ್ ಹಾಕಿ ಬಿಲ್ ಕೊಡುತ್ತಿದ್ದರು, ಹಳೆಯದು ಹೇಗೆ ಸವೆದಿತ್ತು ಅಂತ ನನಗೆ ಗೊತ್ತೇ ಆಗುತ್ತಿರಲಿಲ್ಲ. ನಮ್ಮ ಊರಿನಲ್ಲಿ ಆಗುವುದು ಇದೇ ಅಂತ ನನಗೆ ಅನಿಸುವುದು. ಕೂಲಿ ಕಡಿಮೆ, ಮೆಕ್ಯಾನಿಕ್ ಕೈ ಚುರುಕು, ಹಾಗಾಗಿ ಕಾರಿನ ಮಾಲೀಕನಿಗೆ ತನ್ನ ಕಾರಿನ ಪರಿಚಯವೇ ಆಗುವುದಿಲ್ಲ. ಕೀ ಕೊಟ್ಟು ಹೋಗುತ್ತಾನೆ, ಸಂಜೆ ಬಂದು ಸೌಂಡ್ ಕೇಳಿ ಖುಷಿಪಡುತ್ತಾನೆ. ಬದಲಾದದ್ದು ಕಣ್ಣಿಗೋ ಕಿವಿಗೋ ತಾಕಬೇಕು, ಆಗ ಮಾತ್ರ ದುಡ್ಡು ಕೊಟ್ಟದ್ದಕ್ಕೆ ಸಮಾಧಾನ. ಬ್ರೇಕ್ ಆಯಿಲ್ ಯಾರ ಕಣ್ಣಿಗೆ ಕಾಣುತ್ತದೆ?

ಈಗ ನನ್ನ ಹತ್ತಿರ ಒಂದು ನೋಟ್‌ಬುಕ್ ಇದೆ, ಗ್ರೀಸ್ ಕಲೆ ಇಲ್ಲದ ಪುಟ ಅದರಲ್ಲಿಲ್ಲ. ಟೈರಿನ ಗಾಳಿ ತಣ್ಣಗಿದ್ದಾಗ ಎಷ್ಟು, ಓಡಿ ಬಂದ ಕೂಡಲೇ ಎಷ್ಟು. ಇಲ್ಲಿ ಬಾರ್ ಲೆಕ್ಕ, ಊರಿನಲ್ಲಿ ಪಿಎಸ್‌ಐ, ನಾನು ಎರಡೂ ಬರೆಯುತ್ತೇನೆ. ಟ್ರ್ಯಾಕಿನಲ್ಲಿ ಬಿಸಿಯಾದಾಗ ಐದಾರು ಪಿಎಸ್‌ಐ ಆರಾಮಾಗಿ ಏರುತ್ತದೆ, ಅಷ್ಟನ್ನು ಇಳಿಸಬೇಕು, ಮನೆಗೆ ಹೊರಡುವ ಮೊದಲು ಮತ್ತೆ ತುಂಬಬೇಕು. ಪ್ಯಾಡ್ ಎಷ್ಟು ಮಿಲಿಮೀಟರ್ ಉಳಿದಿದೆ ಅಂತ ಬರೆಯುತ್ತೇನೆ. 4ಕ್ಕೆ ಬಂದರೆ ಟ್ರ್ಯಾಕಿಗೆ ಆ ಪ್ಯಾಡ್ ಇಲ್ಲ. ತೆಳುವಾದಷ್ಟೂ ಡಿಸ್ಕಿನ ಬಿಸಿ ನೇರವಾಗಿ ಆಯಿಲಿಗೆ ದಾಟುತ್ತದೆ. ಎಂಜಿನ್ ಆಯಿಲನ್ನು ಪ್ರತಿ ಸೆಷನ್ ಆದ ಮೇಲೂ ಡಿಪ್‌ಸ್ಟಿಕ್ ಎಳೆದು ನೋಡುತ್ತೇನೆ. ಉದ್ದನೆಯ ತಿರುವಿನಲ್ಲಿ ಆಯಿಲ್ ಒಂದು ಕಡೆ ಸರಿದು ಪಂಪಿಗೆ ಗಾಳಿ ಸಿಕ್ಕರೆ ಎಂಜಿನ್ ಬೇರಿಂಗ್ ಗತಿ ಕೇಳುವುದೇ ಬೇಡ. ಕೊನೆಯ ಸುತ್ತು ನಿಧಾನಕ್ಕೆ ಓಡಿಸಿ ಬ್ರೇಕ್ ತಣ್ಣಗೆ ಮಾಡಿಕೊಂಡು ಬರುತ್ತೇನೆ, ಬಂದು ನಿಲ್ಲಿಸಿದ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯುವುದಿಲ್ಲ, ಗೇರಿನಲ್ಲಿ ಬಿಡುತ್ತೇನೆ. ಇದರಲ್ಲಿ ಯಾವುದಕ್ಕೂ ಜಾಸ್ತಿ ಖರ್ಚಿಲ್ಲ.

ಹಾಗಂತ ಇಲ್ಲಿನದೆಲ್ಲ ಚಿನ್ನ ಅಂತ ಹೇಳುತ್ತಿಲ್ಲ. ಇಲ್ಲಿನ ಕಾಗದದ ಕಾಟ ಅನುಭವಿಸಿದವರಿಗೇ ಗೊತ್ತು. ಸ್ಪ್ರಿಂಗ್ ಬದಲಾಯಿಸಿದಿರಾ? ಆ ಸ್ಪ್ರಿಂಗಿನ ಜೊತೆ ಬಂದ ಪ್ರಮಾಣಪತ್ರ ಹಿಡಿದುಕೊಂಡು ತಪಾಸಣೆಯ ಎಂಜಿನಿಯರ್ ಹತ್ತಿರ ಹೋಗಬೇಕು, ಅವರು ನೋಡಿ ಒಪ್ಪಬೇಕು, ಆಮೇಲೆ ಕಾರಿನ ಪತ್ರದಲ್ಲಿ ಅದನ್ನು ಬರೆಸಬೇಕು. ಜನ ಇದಕ್ಕೆಲ್ಲ ಸೇರಿಸಿ "ಟ್ಯೂಫ್" ಅಂತಾರೆ. ಬರೆಸದಿದ್ದರೆ ಕಾರಿಗೆ ರಸ್ತೆಯ ಮೇಲೆ ಓಡುವ ಪರವಾನಗಿಯೇ ಬಿದ್ದುಹೋಗಬಹುದು. ನ್ಯೂರ್ಬರ್ಗ್‌ರಿಂಗಿನ ನಾರ್ಡ್‌ಷ್ಲೈಫೆ, 1927ರಲ್ಲಿ ತೆರೆದ 20.8 ಕಿ.ಮೀ. ಉದ್ದದ, "ಹಸಿರು ನರಕ" ಅಂತಲೇ ಹೆಸರಾದ ದಾರಿ, ಟಿಕೆಟ್ ತೆಗೆದುಕೊಂಡ ಯಾರು ಬೇಕಾದರೂ ಓಡಿಸಬಹುದಾದ ಟ್ರ್ಯಾಕ್. ಆದರೆ ಹಾಗೆ ಓಡಿಸುವ ದಿನಗಳಲ್ಲಿ ಅದು ಕಾನೂನಿನ ಲೆಕ್ಕದಲ್ಲಿ ಒಮ್ಮುಖ ಸುಂಕದ ರಸ್ತೆ. ಸಂಚಾರ ನಿಯಮ ಪೂರ್ತಿ ಅನ್ವಯ. ಎಡಗಡೆಯಿಂದ ಮಾತ್ರ ಓವರ್‌ಟೇಕ್. ಗುಡ್ ಫ್ರೈಡೇ ದಿನ ಅಲ್ಲಿ ಕಾರು ಹುಚ್ಚರ ಜಾತ್ರೆ ಸೇರುತ್ತದೆ, ಪೊಲೀಸರೂ ಬಂದು ಬಾನೆಟ್ ತೆಗೆಸಿ ಒಂದೊಂದೇ ಕಾಗದ ಕೇಳುತ್ತಾರೆ.

ನನಗೆ ಸಿಟ್ಟು ಬರುವುದು ಪ್ಯಾಡ್ ವಿಷಯಕ್ಕೆ. ಬಿಸಿ ತಡೆಯುವ ರೇಸಿಂಗ್ ಪ್ಯಾಡ್ ಹಾಕಬೇಕೆಂದರೆ ಅದಕ್ಕೆ ರಸ್ತೆಯ ಅನುಮತಿ ಇರಬೇಕು, ಒಳ್ಳೆಯ ಎಷ್ಟೋ ಪ್ಯಾಡುಗಳಿಗೆ ಅದಿಲ್ಲ. ಅಂದರೆ ನಾನು ಇನ್ನಷ್ಟು ಚೆನ್ನಾಗಿ ನಿಲ್ಲುವುದು ಕಾನೂನಿಗೆ ವಿರುದ್ಧ! ನಿಯಮದ ಕಾರಣವೂ ನನಗೆ ಗೊತ್ತಿದೆ, ಕೆಲವು ರೇಸಿಂಗ್ ಪ್ಯಾಡು ತಣ್ಣಗಿದ್ದಾಗ ಹಿಡಿಯುವುದೇ ಇಲ್ಲ, ಬೆಳಿಗ್ಗೆ ಶಾಲೆ ಮುಂದೆ ಅಂಥ ಕಾರು ಓಡಬಾರದು. ಆದರೂ ಸಿಟ್ಟು ಬರುತ್ತದೆ. ನಮ್ಮಲ್ಲೂ ಕಾನೂನೇನು ಸಡಿಲವಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ, ಕಂಪನಿ ಕೊಟ್ಟ ಮೂಲ ವಿವರ ಬದಲಾಗುವಂತೆ ಮಾರ್ಪಾಡು ಮಾಡುವ ಹಾಗಿಲ್ಲ ಅಂತ 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ಆದರೆ ರಸ್ತೆಯಲ್ಲಿ ಪೊಲೀಸರ ಕಿವಿಗೆ ಬೀಳುವುದು ಸೈಲೆನ್ಸರ್ ಮಾತ್ರ. ಸ್ಪ್ರಿಂಗ್ ಯಾರದು, ಬೋಲ್ಟ್ ಯಾರು ಬಿಗಿ ಮಾಡಿದ್ದು, ಯಾರೂ ಕೇಳುವುದಿಲ್ಲ. ಕೇಳುವವರು ಇಲ್ಲದಾಗ ನಾವೇ ಕೇಳಿಕೊಳ್ಳಬೇಕು, ನಾವೋ "ಮಾಡಿರ್ತಾರೆ" ಅಂತೇವೆ.

ಒಂದು ವಿಷಯದಲ್ಲಿ ಮಾತ್ರ ಜರ್ಮನಿ ನಮ್ಮವರ ಕಾಲ ಧೂಳಿಗೂ ಸಮವಲ್ಲ. ಇಲ್ಲಿ ಕಂಪ್ಯೂಟರ್ ತೋರಿಸದ ಕಾಯಿಲೆ ಕಾಯಿಲೆಯೇ ಅಲ್ಲ. ಕ್ಯಾಲಿಪರ್ ಸೀಲ್ ಹೋದರೆ ಇಡೀ ಕ್ಯಾಲಿಪರ್ ಬದಲಾಯಿಸಿ ಅಂತಾರೆ. ಬೆಂಗಳೂರಿನಲ್ಲಿ ಜೆ.ಸಿ. ರೋಡಿಗೆ ಹೋದರೆ ಸೀಲ್ ಸಿಗುತ್ತದೆ, ಇಲ್ಲದಿದ್ದರೆ ಶಿವಾಜಿನಗರದ ಗುಜರಿಯಲ್ಲಿ ಅಂಥದ್ದೇ ಇನ್ನೊಂದು ಸಿಗುತ್ತದೆ. ಇನ್ನು ನಮ್ಮ ರ‍್ಯಾಲಿ ಮೆಕ್ಯಾನಿಕ್ಕುಗಳು! ಕರ್ನಾಟಕದಲ್ಲಿ ದೊಡ್ಡ ಟ್ರ್ಯಾಕ್ ಇಲ್ಲದಿದ್ದರೇನು, ಕೆ-1000 ರ‍್ಯಾಲಿ ಇದೆ, ಚಿಕ್ಕಮಗಳೂರಿನ ತೋಟದ ದಾರಿಗಳಿವೆ. ಮಣ್ಣಿನ ಮೇಲೆ ಟಾರ್ಪಾಲ್ ಹಾಸಿ ಮಲಗಿ, ಗಡಿಯಾರ ಓಡುತ್ತಿರುವಾಗಲೇ ಗೇರ್‌ಬಾಕ್ಸ್ ಇಳಿಸಿ ಏರಿಸುವ ಹುಡುಗರನ್ನು ನಾನು ನೋಡಿದ್ದೇನೆ. ಅಂಥ ಕೈ ಇರುವ ಊರಿನಲ್ಲಿ ಕ್ಯಾಲಿಪರಿಗೆ ಬಣ್ಣ ಹೊಡೆಸಿಕೊಂಡು ಬರುವುದು ಅಂದ್ರೆ ಹೊಟ್ಟೆ ಉರಿಯುತ್ತೆ ಅಲ್ವಾ?

ಟ್ರ್ಯಾಕಿಗೆ ಕಾರು ಮಾಡಿಸುತ್ತೇನೆ ಅನ್ನುವವರಿಗೆ ನಾನು ಹೇಳುವುದು ಇಷ್ಟೇ. ಮೊದಲ ಸಲ ಇದ್ದ ಕಾರನ್ನೇ ತೆಗೆದುಕೊಂಡು ಹೋಗಿ, ಒಳ್ಳೆಯ ಬ್ರೇಕ್ ಆಯಿಲ್, ಹೊಸ ಪ್ಯಾಡ್, ಸರಿಯಾದ ಹೆಲ್ಮೆಟ್ ಸಾಕು. ಎರಡನೇ ಸಲ ಟೈರ್, ಅಲೈನ್‌ಮೆಂಟ್. ಎಂಜಿನ್ ತಂಟೆಗೆ ಮೂರು ವರ್ಷ ಹೋಗಬೇಡಿ. ನನ್ನದು ಈಗಲೂ ಅದೇ 105. ಹಿಂದಿನಿಂದ ಬಂದವರಿಗೆಲ್ಲ ದಾರಿ ಬಿಟ್ಟು ಬಿಟ್ಟು ಕನ್ನಡಿ ನೋಡುವುದರಲ್ಲಿ ಪರಿಣತನಾಗಿದ್ದೇನೆ.

ಕಳೆದ ಡಿಸೆಂಬರಿನಲ್ಲಿ ಊರಿಗೆ ಹೋದಾಗ ಬಾಮೈದನನ್ನು ಕರೆದುಕೊಂಡು ಅವನ ಗ್ಯಾರೇಜಿಗೇ ಹೋದೆ. ಅಲ್ಲಿನ ಹಿರಿಯ ಮೆಕ್ಯಾನಿಕ್ಕಿಗೆ, ಕೂಲಿ ಪೂರ್ತಿ ಕೊಡುತ್ತೇವೆ, ಬ್ಲೀಡಿಂಗ್ ಮಾತ್ರ ಇವನೇ ಮಾಡಲಿ, ನೀವು ಪಕ್ಕದಲ್ಲಿ ನಿಂತು ಹೇಳಿಕೊಡಿ ಅಂದೆ. "ದುಡ್ಡೂ ಕೊಟ್ಟು ಕೆಲ್ಸಾನೂ ನೀವೇ ಮಾಡ್ತೀರಾ ಸಾರ್?" ಅಂತ ನಕ್ಕರು. ಬಾಟಲಿಗೆ ಇಳಿದ ಆಯಿಲ್ ಡಿಕಾಕ್ಷನ್ ಬಣ್ಣದಲ್ಲಿತ್ತು, ಅದನ್ನು ನೋಡಿ ಬಾಮೈದ ಏನೂ ಮಾತಾಡಲಿಲ್ಲ.

ಕೊನೆಗೆ ಚಕ್ರ ಹಾಕಿದರು. ನಾನು ಸೂಟ್‌ಕೇಸಿನಲ್ಲಿ ತಂದಿದ್ದ ಟಾರ್ಕ್ ರೆಂಚ್ ತೆಗೆದೆ, ಬೋಲ್ಟ್ ಬೇಕಾದಷ್ಟು ಬಿಗಿಯಾದ ಕೂಡಲೇ ಕ್ಲಿಕ್ ಅನ್ನುವ ಸ್ಪ್ಯಾನರ್ ಅದು. ಪೋಲೋ ಚಕ್ರದ ಬೋಲ್ಟಿಗೆ ಬೇಕಾದ ಬಿಗಿ 120 ನ್ಯೂಟನ್ ಮೀಟರ್. "ಬೇಡ ಸಾರ್, ಮೂವತ್ತು ವರ್ಷದ ಕೈ ಇದು" ಅಂದರು. ಆದರೂ ಇಟ್ಟು ನೋಡಿದೆ. ಐದರಲ್ಲಿ ನಾಲ್ಕು ಬೋಲ್ಟ್ ಅಲುಗದೆ ಕ್ಲಿಕ್ ಅಂದವು, ಐದನೆಯದು ಇನ್ನೂ ಕಾಲು ಸುತ್ತು ತಿರುಗಿತು. ಅವರು ಕೈ ಚಾಚಿ ರೆಂಚ್ ಇಸಿದುಕೊಂಡರು, ತಿರುಗಿಸಿ ಮುರುಗಿಸಿ ನೋಡಿದರು, ಉಳಿದ ಮೂರು ಚಕ್ರಕ್ಕೂ ತಾವೇ ಹಾಕಿ ನೋಡಿದರು. ಆಮೇಲೆ ಕೇಳಿದರು, "ಇದಕ್ಕೆ ಎಷ್ಟಾಗುತ್ತೆ ಸಾರ್?"