ಸಾಂಕ್ವಾಳದ ಸಂತ ಮತ್ತು ನಾವು 'ಘಾಟಿ'ಗಳು

ಕ್ರಿಸ್ಮಸ್ ಬಂದರೆ ಗೋವಾದಲ್ಲಿ ಎಲ್ಲೆಲ್ಲೂ ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ. ವಾಸ್ಕೊ, ಮಡಗಾಂವ್, ಮಾಪುಸಾ, ಎಲ್ಲಿ ಹೋದರೂ ಹುಲ್ಲು, ಬೊಂಬೆ, ಬಣ್ಣದ ಲೈಟು. ಒಂದು ಗಮನಿಸಿದ್ದೀರಾ? ಕುರುಬರು, ದನ, ಕುರಿ, ಒಂಟೆ ಎಲ್ಲ ಇರುತ್ತವೆ, ಆದರೆ ಯೇಸು ಹುಟ್ಟುವ ಹೊತ್ತಿಗೆ ಅವನ ತಾಯಿ ಮರಿಯಮ್ಮ ಮತ್ತು ಜೋಸೆಫರಿಗೆ ತಂಗಲು ಜಾಗ ಕೊಡದವನ ಬೊಂಬೆಯನ್ನು ಮಾತ್ರ ಯಾರೂ ಇಡುವುದಿಲ್ಲ. ಇಟ್ಟರೆ ಅದು ನಮ್ಮ ಥರಾನೇ ಕಾಣಬಹುದು ಅಂತ ಭಯ ಇರಬೇಕು.

ನಾವು ಹುಬ್ಬಳ್ಳಿ ಕಡೆಯ ಕ್ಯಾಥೊಲಿಕರು, ಮನೆಯಲ್ಲಿ ಕನ್ನಡ. ಇರುವುದು ಝುವಾರಿನಗರದ ಹತ್ತಿರ. ಇಲ್ಲಿ ವಿಜಯಪುರ, ಬಾಗಲಕೋಟೆ, ಗದಗದಿಂದ ಕಟ್ಟಡ ಕೆಲಸಕ್ಕೆ, ಮನೆಗೆಲಸಕ್ಕೆ ಬಂದವರು ತುಂಬಾ ಜನ. ನಮ್ಮನ್ನೆಲ್ಲ ಸೇರಿಸಿ 'ಘಾಟಿ' ಅನ್ನುತ್ತಾರೆ, ಘಟ್ಟದ ಆಚೆಯವರು ಅಂತ ಹೀಯಾಳಿಸುವ ಮಾತು. ಎಲ್ಲರೂ ಅಲ್ಲ, ಆದರೆ ಪೂಜೆ ಮುಗಿಸಿ ಚರ್ಚಿನ ಮೆಟ್ಟಿಲು ಇಳಿಯುವಾಗಲೂ ಆ ಮಾತು ನನ್ನ ಕಿವಿಗೆ ಬಿದ್ದಿದೆ.

ತಮಾಷೆ ಏನೆಂದರೆ ಝುವಾರಿನಗರ ಸೇರುವುದು ಸಾಂಕ್ವಾಳ ಪಂಚಾಯಿತಿಗೆ. ಸಾಂಕ್ವಾಳ ಅಂದರೆ ಸಂತ ಜೋಸೆಫ್ ವಾಜ್ ಅವರ ಮನೆತನದ ಊರು. ಹುಟ್ಟಿದ್ದು 1651ರಲ್ಲಿ, ತಾಯಿಯ ಕಡೆಯ ಬಾಣಾವಲಿಯಲ್ಲಿ. ಗುರು, ಅಂದರೆ ಪಾದ್ರಿ, ಆದ ಮೇಲೆ, 1677ರಲ್ಲಿ, ಇದೇ ಸಾಂಕ್ವಾಳದ ಚರ್ಚಿನಲ್ಲಿ ತಾನು ಮರಿಯಮ್ಮನ ಗುಲಾಮ ಎಂದು ಪತ್ರ ಬರೆದುಕೊಟ್ಟರು. ಆಮೇಲೆ ಬಂದಿದ್ದು ನಮ್ಮ ಕಡೆಗೇ! 1681ರಿಂದ ಮೂರು ವರ್ಷ ಮಂಗಳೂರು, ಬಸ್ರೂರು, ಗಂಗೊಳ್ಳಿ ಅಂತ ಕರಾವಳಿ ತಿರುಗಿದರು. ಆಗ ಹೊರಗಿನವರು ಅವರು, ಊರಿನವರು ನಾವು.

1686ರಲ್ಲಿ ಸಿಲೋನಿಗೆ, ಅಂದರೆ ಇಂದಿನ ಶ್ರೀಲಂಕಾಕ್ಕೆ, ಹೊರಟರು. ಅಲ್ಲಿ ಡಚ್ಚರು ಕ್ಯಾಥೊಲಿಕ್ ಗುರುಗಳನ್ನು ನಿಷೇಧಿಸಿದ್ದರು. ಹಾಗಾಗಿ ಬ್ರಾಹ್ಮಣ ಮೂಲದ ಈ ಗುರು ಕೂಲಿಯವನ ವೇಷ ಹಾಕಿಕೊಂಡು, ತಮಿಳು ಕಲಿತು, ರೋಗ ಹತ್ತಿಸಿಕೊಂಡು, ಭಿಕ್ಷೆ ಬೇಡುತ್ತಾ ಆ ದ್ವೀಪ ಸೇರಿದರು. ಕ್ಯಾಂಡಿಯಲ್ಲಿ ಪೋರ್ಚುಗೀಸರ ಗೂಢಚಾರ ಅಂತ ಹಿಡಿದು ಹಾಕಿದರು. 1697ರಲ್ಲಿ ಅಲ್ಲಿ ಸಿಡುಬು ಬಂದಾಗ ರಾಜ ಊರು ಬಿಟ್ಟ, ಜನ ತಮ್ಮವರನ್ನೇ ಬಿಟ್ಟು ಓಡಿದರು. ಇವರು ಮತ್ತು ಇವರ ಸಂಬಂಧಿಯಾದ ಇನ್ನೊಬ್ಬ ಗುರು ಉಳಿದು, ಹುಣ್ಣು ತೊಳೆದು, ಊಟ ಕೊಟ್ಟು, ಸತ್ತವರನ್ನು ಹೂಳಿದರು. ನೀನು ಯಾವ ಧರ್ಮ ಅಂತ ಯಾರನ್ನೂ ಕೇಳಲಿಲ್ಲ. ಗೋವಾಕ್ಕೆ ವಾಪಸ್ ಬರಲೇ ಇಲ್ಲ. 1711ರ ಜನವರಿ 16ರಂದು ಕ್ಯಾಂಡಿಯಲ್ಲೇ ತೀರಿಕೊಂಡರು.

ಮನುಷ್ಯಾವತಾರ ಅಂದರೆ ನನಗೆ ಅರ್ಥವಾಗುವುದು ಇಲ್ಲಿ. ಪೂಜೆಯಲ್ಲಿ ವಿಶ್ವಾಸ ಸಂಗ್ರಹ, ಅಂದರೆ ನಮ್ಮ ನಂಬಿಕೆಯ ಸಾರ, ಹೇಳುವಾಗ, ದೇವರ ಪುತ್ರ ಇಳಿದು ಬಂದು ಮನುಷ್ಯನಾದ ಎನ್ನುವ ಕಡೆ ತಲೆ ಬಾಗಿಸುತ್ತೇವೆ, ಕ್ರಿಸ್ಮಸ್ ಪೂಜೆಯಲ್ಲಂತೂ ಮೊಣಕಾಲೂರುತ್ತೇವೆ. ಕ್ರಿ.ಶ. 325ರಲ್ಲಿ ನೈಸಿಯಾದಲ್ಲಿ ಸೇರಿದ ಬಿಷಪ್ಪರ ಸಭೆಯಿಂದ ಬಂದ ಮಾತು ಅದು, ಅದಕ್ಕಾಗಿ ಎಷ್ಟು ಜಗಳವಾಗಿದೆ! ಆದರೆ ಮೊಣಕಾಲಿಗೆ ತಿಳಿದಿದ್ದು ತಲೆಗೆ ಹತ್ತಬೇಕಲ್ವಾ?

ಓಲ್ಡ್ ಗೋವಾದಲ್ಲಿ ಸಂತ ಫ್ರಾನ್ಸಿಸ್ ಝೇವಿಯರ್ ಅವರ ದೇಹವನ್ನು 2024ರ ನವೆಂಬರ್ 21ರಿಂದ 2025ರ ಜನವರಿ 5ರವರೆಗೆ ದರ್ಶನಕ್ಕೆ ಇಟ್ಟಿದ್ದರು. ನಾನೂ ಹೋಗಿದ್ದೆ, ನನಗೆ ಆ ಭಕ್ತಿಯ ಬಗ್ಗೆ ತಕರಾರಿಲ್ಲ. ಆದರೆ ವಾಜ್ ಅವರ ಸಮಾಧಿ ಎಲ್ಲಿ ಅಂತಲೇ ಇವತ್ತು ಗುರುತಿಲ್ಲ. ಮುಟ್ಟಿ ಮುತ್ತಿಡಲು ಏನೂ ಸಿಗದ ಸಂತ. ಅವರು ಮಾಡಿದ ಕೆಲಸ ಮಾಡುವುದು ಬಿಟ್ಟು ನಮಗೆ ಬೇರೆ ಭಕ್ತಿ ಉಳಿದಿಲ್ಲ. ಅದೇ ಕಷ್ಟ.

ಈಗ ಎಲ್ಲ ಕಡೆ 'ಆತ್ಮಿಕ ನವೀಕರಣ'ದ ಧ್ಯಾನಕೂಟಗಳು. ಅಲ್ಲಿ ಕೈ ಎತ್ತಿ ಹಾಡುವುದು, ಅಳುವುದು ತಪ್ಪಲ್ಲ, ನನ್ನ ಅಕ್ಕ ತನ್ನ ಕೆಟ್ಟ ದಿನಗಳನ್ನು ದಾಟಿದ್ದೇ ಅದರಿಂದ. ಆದರೆ ಅಲ್ಲಿಂದ ಮನೆಗೆ ಬಂದು 'ಘಾಟಿಗಳಿಗೆ ರೂಮ್ ಕೊಡಲ್ಲ' ಅಂದರೆ ಯಾವ ನವೀಕರಣ ಅದು? ವಾಜ್ ಅವರ ಕಾಲದಲ್ಲಿ ಪೋರ್ಚುಗೀಸರ ಮಠಗಳು ಇಲ್ಲಿನ ಗುರುಗಳನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಕನ್ನಡ ಕರಾವಳಿಯಿಂದ ಮರಳಿದ ಮೇಲೆ, 1685ರಲ್ಲಿ, ಅವರು ಸ್ಥಳೀಯ ಗುರುಗಳದ್ದೇ ಒಂದು ಸಂಘಕ್ಕೆ ರೂಪ ಕೊಟ್ಟರು. ಆಮೇಲೆ ಆ ಮನೆಯಿಂದಲೇ ಒಬ್ಬರ ಹಿಂದೆ ಒಬ್ಬರು ಸಿಲೋನಿಗೆ ಹೋದರು. ಬಾಗಿಲು ಹಾಕಿಸಿಕೊಂಡವರು ಬೇರೆಯವರ ಬಾಗಿಲಿಗೆ ಹೋಗಿ ನಿಂತರು. ನಾನು ನವೀಕರಣ ಅನ್ನುವುದು ಇದಕ್ಕೆ.

2015ರಲ್ಲಿ ಪೋಪ್ ಫ್ರಾನ್ಸಿಸ್ ಕೊಲಂಬೊದಲ್ಲಿ ಅವರಿಗೆ ಸಂತ ಪದವಿ ಕೊಟ್ಟರು. ಇನ್ನೇನು ಜನವರಿ 16 ಬರುತ್ತದೆ, ಸಾಂಕ್ವಾಳಕ್ಕೆ ಜನ ಬರುತ್ತಾರೆ. ನನ್ನದು ಒಂದೇ ಬೇಡಿಕೆ: ಈ ಸಲದ ಹಬ್ಬದ ಪೂಜೆಯಲ್ಲಿ ಒಂದು ಬೈಬಲ್ ವಾಚನ ಕನ್ನಡದಲ್ಲಿ ಇರಲಿ. ಓದಲು ನಾನು ರೆಡಿ. ನಮ್ಮದು ಹುಬ್ಬಳ್ಳಿ ಗಂಟಲು, ಮೈಕ್ ಇಲ್ಲದಿದ್ದರೂ ನಡೆಯುತ್ತದೆ.